ಅಪ್‌ಡೇಟ್: ಡಾಲ್ಟನ್ ಹೆದ್ದಾರಿಯ ಸೈಕಲ್ ಪಯಣ ಮುಗಿಯಿತು

ಅಲಾಸ್ಕಾದ ಡಾಲ್ಟನ್ ಹೆದ್ದಾರಿಗೆ ಎಂಥ ಟೈರ್ ಬೇಕು, ಬುತ್ತಿ ಎಷ್ಟು ಕಟ್ಟಬೇಕು ಎಂದು ಕೇಳಿದ್ದೆನಲ್ಲ, ಸುಖವಾಗಿ ಉಡುಪಿಗೆ ಮರಳಿದ್ದೇನೆ. ಅಗಲ ಟೈರ್ ಎಂದವರ ಮಾತೇ ಸರಿ, 666 ಕಿ.ಮೀ. ಹಾದಿಯಲ್ಲಿ ಬಹುಪಾಲು ಜಲ್ಲಿಯೇ. ನನ್ನನ್ನು ಕಾಡಿದ್ದು ಕೆಸರು. ಧೂಳು ಅಡಗಿಸಲು ಅಲ್ಲಿ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಮಳೆ ಬಿದ್ದರೆ ಆ ಮಣ್ಣು ಚೈನು, ಬ್ರೇಕಿಗೆ ಮೆತ್ತಿಕೊಂಡು, ಒಣಗಿದ ಮೇಲೆ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಡೇರೆಯ ಗೂಟದಿಂದ ಕೆರೆದು ತೆಗೆಯಬೇಕಾಯಿತು. ಆಗುಂಬೆ ಘಾಟಿ ಹತ್ತಿದ ಕಾಲಿಗೆ 1,444 ಮೀಟರ್ ಎತ್ತರದ ಅಟಿಗನ್ ಪಾಸ್ ಭಾರವೆನಿಸಲಿಲ್ಲ. ಎದುರುಗಾಳಿಯೇ ಹೈರಾಣು ಮಾಡಿತು. ನಡುದಾರಿಯ ಪುಟ್ಟ ಊರು ಕೋಲ್ಡ್‌ಫುಟ್ ದಾಟಿದರೆ, ಹೆದ್ದಾರಿಯ ಉತ್ತರ ತುದಿಯ ಡೆಡ್‌ಹಾರ್ಸ್ ತನಕ ಸುಮಾರು 385 ಕಿ.ಮೀ. ಒಂದು ಅಂಗಡಿಯೂ ಇಲ್ಲ. ಅವಲಕ್ಕಿ, ಚಟ್ನಿಪುಡಿಯೇ ಗತಿ (ಬೇಸರವಂತೂ ಬರಲಿಲ್ಲ). ಕರಡಿ ಓಡಿಸುವ ಸ್ಪ್ರೇ ವಿಮಾನದಲ್ಲಿ ಒಯ್ಯುವಂತಿಲ್ಲ, ಅಲಾಸ್ಕಾದ ಫೇರ್‌ಬ್ಯಾಂಕ್ಸ್ ನಗರದಲ್ಲೇ ಕೊಳ್ಳಿ. ಮುಖಕ್ಕೆ ಸೊಳ್ಳೆಬಲೆ ಮರೆಯಬೇಡಿ. ನಮ್ಮ ಮಲ್ಪೆಯ ಸೊಳ್ಳೆಗಳು ಅಲ್ಲಿಯವುಗಳ ಮುಂದೆ ಸಾಧು ಪ್ರಾಣಿಗಳು.