ಪೂರ್ವಗ್ರಹ, ಪ್ರಿವಿಲೇಜ್ ಬಗ್ಗೆ ಗುಂಪಿನಲ್ಲಿ ಮಾತಾಡಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ಪ್ರಶ್ನೆ: 20 ಸಹೋದ್ಯೋಗಿಗಳು, ಎರಡು ಗಂಟೆ. ಪೂರ್ವಗ್ರಹ, ಸಾಮಾಜಿಕ ಪ್ರಿವಿಲೇಜ್ (ಕೇಳದೆಯೇ ಸಿಕ್ಕ ಅನುಕೂಲ) ಕುರಿತು ಚರ್ಚೆ ನಡೆಸಬೇಕಿದೆ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ "ಅಪ್ಪ ಅಮ್ಮ ಕಾಲೇಜು ಓದಿದ್ದರೆ ಒಂದು ಹೆಜ್ಜೆ ಮುಂದೆ ಬನ್ನಿ" ಅನ್ನುವ ಆಟ ಆಡಿಸಬಹುದೇ? ಜಗಳವೂ ಆಗಬಾರದು, ಮಾತು ಮೇಲೆ ಮೇಲೆ ತೇಲಿ ಹೋಗಲೂಬಾರದು.

ಉತ್ತರ 1
ಆ ಆಟವನ್ನು ಹಾಗೇ ಆಡಿಸಬೇಡಿ. ಹಿಂದೆ ಉಳಿದ ಮೂರು ನಾಲ್ಕು ಜನರ ಮನೆಯ ಕಷ್ಟ ಎಲ್ಲರೆದುರು ಬಯಲಾಗುತ್ತದೆ. ಕಲಿಯುವವರು ಮುಂದೆ ನಿಂತವರು, ನೋಯುವವರು ಹಿಂದಿನವರು. ಇದು ಅನ್ಯಾಯ.

ಬದಲಿಗೆ ಪಾತ್ರದ ಚೀಟಿ ಕೊಡಿ: "ಗಾಲಿಕುರ್ಚಿ ಬಳಸುವ ಲೆಕ್ಕಿಗ", "ಭಾಷೆ ಬಾರದ ಊರಿಗೆ ವಲಸೆ ಬಂದ ನರ್ಸ್". ಒಂದೇ ಸಾಲು ಸಾಕು, ಹೆಚ್ಚು ಬರೆದರೆ ಕೆಡುತ್ತದೆ. "ನನಗೆ ಬಾಡಿಗೆ ಮನೆ ಸುಲಭವಾಗಿ ಸಿಗುತ್ತದೆ" ಅನ್ನುವಂಥ 12ರಿಂದ 15 ಹೇಳಿಕೆ ಓದಿ, ಪ್ರತಿಯೊಂದಕ್ಕೂ ಹತ್ತು ಸೆಕೆಂಡ್ ಬಿಡಿ; ತಮ್ಮ ಪಾತ್ರಕ್ಕೆ ಅದು ನಿಜ ಅನ್ನಿಸಿದವರು ಒಂದು ಹೆಜ್ಜೆ ಮುಂದೆ ಬರಲಿ. ಮೂರು ಪಾತ್ರಗಳನ್ನು ಮಾತ್ರ ಇಬ್ಬಿಬ್ಬರಿಗೆ ಕೊಟ್ಟಿರಿ, ಆದರೆ ಯಾರಿಗೂ ಹೇಳಬೇಡಿ. ಕೊನೆಗೆ ಚೀಟಿ ಓದಿಸಿದಾಗ ಅದೇ ನರ್ಸ್ ಒಬ್ಬರ ಕೈಯಲ್ಲಿ ಮೂರನೇ ಹೆಜ್ಜೆ, ಇನ್ನೊಬ್ಬರ ಕೈಯಲ್ಲಿ ಒಂಬತ್ತನೆಯದರಲ್ಲಿ ಇರಬಹುದು. "ಇವರಿಗೆ ಬಾಡಿಗೆ ಮನೆ ಸಿಗುವುದಿಲ್ಲ ಅಂತ ಚೀಟಿಯಲ್ಲಿತ್ತೇ?" ಎಂದಷ್ಟೇ ಕೇಳಿ. ಚೀಟಿಯಲ್ಲಿ ಇಲ್ಲದ್ದನ್ನು ತಾವೇ ತುಂಬಿಕೊಂಡದ್ದು ಅವರಿಗೇ ಕಾಣುತ್ತದೆ. ಆಟಕ್ಕೆ 20 ನಿಮಿಷ ಆದರೆ ಈ ಮಾತಿಗೆ 40 ನಿಮಿಷ ಇಡಿ. ಸಮಯ ಸಾಲದೆ ಹೋದರೆ ಆಟ ಕಡಿಮೆ ಮಾಡಿ, ಮಾತನ್ನಲ್ಲ.

ಉತ್ತರ 2
ಪ್ರಿವಿಲೇಜ್ ಅನ್ನುವ ಪದದಿಂದ ಶುರು ಮಾಡಬೇಡಿ. ಕೇಳುವವರ ಕಿವಿಗೆ ಅದು "ನೀವು ಕಷ್ಟಪಟ್ಟೇ ಇಲ್ಲ" ಅಂತ ಬೀಳುತ್ತದೆ. ಅದರ ಅರ್ಥ ಇಷ್ಟೇ: ಕಷ್ಟಗಳು ಇದ್ದಿರಬಹುದು, ಈ ಒಂದು ಅಡ್ಡಿ ಮಾತ್ರ ನಿಮ್ಮ ದಾರಿಯಲ್ಲಿ ಇರಲಿಲ್ಲ.

ಇದನ್ನು ಕೈಗೆ ಮುಟ್ಟಿಸಲು ಎಡಗೈ ಕತ್ತರಿ ನಾಲ್ಕು ತನ್ನಿ. ಹಿಡಿಕೆ ಮಾತ್ರ ಬದಲಿಸಿದ್ದು ಬೇಡ, ಅಲಗುಗಳೂ ತಿರುಗುಮುರುಗಾಗಿರಬೇಕು. ಬಲಗೈಯವರಿಗೆ ಕೊಟ್ಟು ಎರಡು ನಿಮಿಷದಲ್ಲಿ ಒಂದು ವೃತ್ತ ಕತ್ತರಿಸಲು ಹೇಳಿ. ಗೆರೆ ಅಲಗಿನ ಹಿಂದೆ ಮರೆಯಾಗುತ್ತದೆ. ಬೆರಳು ಒತ್ತಿದಷ್ಟೂ ಅಲಗುಗಳು ಒಂದನ್ನೊಂದು ಬಿಟ್ಟು ಸರಿಯುತ್ತವೆ, ಕಾಗದ ತುಂಡಾಗದೆ ನಡುವೆ ಮಡಚಿಕೊಳ್ಳುತ್ತದೆ. ಕತ್ತರಿಗೂ ಎಡ ಬಲ ಇದೆ ಅಂತ ಎಷ್ಟೋ ಜನ ಗಮನಿಸುವುದು ಆಗಲೇ. ಪದ ಆಮೇಲೆ ಹೇಳಿ.

ಉತ್ತರ 3
ಕತ್ತರಿ ಚೆನ್ನಾಗಿದೆ, ಆದರೆ ಅಲ್ಲೇ ನಿಂತರೆ ತಪ್ಪಾಗುತ್ತದೆ. ಎಡಗೈಯವರು ಅಂತ ಯಾರೂ ಮನೆ ಕೊಡದೆ ಕಳಿಸುವುದಿಲ್ಲ. ಜಾತಿ, ಬಣ್ಣ, ಧರ್ಮ, ಲಿಂಗದ ವಿಷಯದಲ್ಲಿ ಅಡ್ಡಿಯ ಜೊತೆ ತಿರಸ್ಕಾರವೂ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿ. ಇನ್ನೊಂದು, ಕೋಣೆಯಲ್ಲಿರುವ ಒಬ್ಬರೇ ಒಬ್ಬರ ಕಡೆ ತಿರುಗಿ "ನಿಮ್ಮವರ ಅನುಭವ ಹೇಳಿ" ಅನ್ನಬೇಡಿ, ದಯವಿಟ್ಟು.

ಉತ್ತರ 4
ಸುಪ್ತ (ನಮಗೇ ಅರಿವಿಲ್ಲದ) ಪೂರ್ವಗ್ರಹ ಅಳೆಯುವ ಕಂಪ್ಯೂಟರ್ ಪರೀಕ್ಷೆ (1998ರದ್ದು, ಪದ ಮತ್ತು ಚಿತ್ರಗಳನ್ನು ಬೇಗ ಬೇಗ ವಿಂಗಡಿಸುವುದು) ಮಾಡಿಸೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾಡಿಸಿದರೂ ಅಂಕ ಹೇಳಿಸಬೇಡಿ. ಅದೇ ವ್ಯಕ್ತಿ ಇನ್ನೊಂದು ದಿನ ಮಾಡಿದರೆ ಫಲಿತಾಂಶ ಸಾಕಷ್ಟು ಬದಲಾಗಬಹುದು. ದೊಡ್ಡ ಗುಂಪಿನ ಒಲವು ನೋಡಲು ಸರಿ, ಒಬ್ಬರಿಗೆ ಹಣೆಪಟ್ಟಿ ಹಚ್ಚಲು ಅಲ್ಲ.

ಉತ್ತರ 5
ಯಾರಾದರೂ ಸಿಟ್ಟಾದರೆ ಅಂಕಿಅಂಶ ತೆಗೆದು ಎದುರಿಡಬೇಡಿ, ಇನ್ನಷ್ಟು ಬಿಗಿಯಾಗುತ್ತಾರೆ. "ನೀವು ಯಾರೆಂದು ತಿಳಿಯದೆಯೇ ನಿಮ್ಮನ್ನು ಕೀಳಾಗಿ ಕಂಡದ್ದು ಎಂದಾದರೂ ಇದೆಯೇ?" ಎಂದು ಕೇಳಿ. ಅವರೇ ಮಾತಾಡಲಿ, ನಡುವೆ ಬಾಯಿ ಹಾಕಬೇಡಿ. ಆಮೇಲೆ ಮೆಲ್ಲಗೆ ಚರ್ಚೆಯ ವಿಷಯಕ್ಕೆ ಜೋಡಿಸಿ. 2016ರಲ್ಲಿ ಪ್ರಕಟವಾದ, ಅಮೆರಿಕದ ಮಯಾಮಿಯ ಅಧ್ಯಯನದಲ್ಲಿ ಇಂಥ ಹತ್ತು ನಿಮಿಷದ ಮಾತುಕತೆಯಿಂದ ಟ್ರಾನ್ಸ್‌ಜೆಂಡರ್ ಜನರ ಬಗೆಗಿನ ಪೂರ್ವಗ್ರಹ ತಗ್ಗಿತ್ತು, ಕನಿಷ್ಠ ಮೂರು ತಿಂಗಳು ಹಾಗೇ ಉಳಿದಿತ್ತು. ಎಲ್ಲರೆದುರು ಕೇಳಿದರೆ ಇದು ಕೆಲಸ ಮಾಡುವುದು ಕಷ್ಟ. ವಿರಾಮದಲ್ಲಿ ಪಕ್ಕಕ್ಕೆ ಕರೆದು ಕೂರಿಸಿ.

ಉತ್ತರ 6
ಚರ್ಚೆ ಮುಗಿದ ಮೇಲೆ ಜೊತೆಯಲ್ಲಿ ಮಾಡುವ ಕೆಲಸವನ್ನೂ ಈಗಲೇ ಗೊತ್ತುಮಾಡಿ. ಬೇರೆ ಬೇರೆ ಗುಂಪಿನವರು ಬೆರೆತಾಗ ಪೂರ್ವಗ್ರಹ ತಗ್ಗಬೇಕಾದರೆ ಬೇಕು ಎಂದು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ ನಾಲ್ಕು ಷರತ್ತು ಇವು: ಸಮಾನ ಸ್ಥಾನ, ಒಂದೇ ಗುರಿ, ಪರಸ್ಪರ ಸಹಕಾರ, ಮೇಲಿನವರ ಬೆಂಬಲ. ಸುಮ್ಮನೆ ಅಕ್ಕಪಕ್ಕ ಕೂರಿಸಿದರೆ ಸಾಲದು. ಬಹಳ ಕಡೆ ತಪ್ಪುವುದು ಮೊದಲನೆಯದೇ. ಜಂಟಿ ತಂಡ ಅಂತ ಹೆಸರಿಟ್ಟು, ಒಬ್ಬರಿಗೆ ತೀರ್ಮಾನ, ಇನ್ನೊಬ್ಬರಿಗೆ ಟಿಪ್ಪಣಿ ಬರೆಯುವ ಕೆಲಸ. ಪ್ರತಿ ವಾರ ಅದಲುಬದಲು ಮಾಡಿ.