ಅಪ್‌ಡೇಟ್: ನಿಧಾನದ ಲೈಬ್ರರಿಗೆ ಪ್ಯಾಚ್ ಹಾಕಿಯೇ ಬಂಡಲ್ ಮಾಡಿದೆ

ಹೊರಗಿನವರ ಪಾರ್ಸಿಂಗ್ ಲೈಬ್ರರಿಯೊಂದು (ಫೈಲ್ ಓದಿ ಮಾಹಿತಿ ಬಿಡಿಸಿಕೊಡುವ ಸಿದ್ಧ ಕೋಡ್) ದೊಡ್ಡ ಫೈಲ್ ಕೊಟ್ಟರೆ ಆಮೆಯಂತೆ ತೆವಳುತ್ತದೆ, ಇನ್‌ಸ್ಟಾಲರ್‌ಗೆ ಸೇರಿಸುವ ಮುಂಚೆ ನಾವೇ ತಿದ್ದಬಹುದೇ ಎಂದು ಕೇಳಿದ್ದೆ. ತಿದ್ದಿದೆ, ಕೆಲಸ ಮಾಡುತ್ತಿದೆ.

"ಊಹಿಸಬೇಡ, ಮೊದಲು ಪ್ರೊಫೈಲರ್ ಓಡಿಸು" ಎಂದವರಿಗೆ ದೊಡ್ಡ ನಮಸ್ಕಾರ. ಯಾವ ಕೋಡ್ ಎಷ್ಟು ಸಮಯ ತಿನ್ನುತ್ತದೆ ಎಂದು ತೋರಿಸುವ ಸಾಧನ ಅದು. ನಾನು ಡಿಸ್ಕ್ ಮೇಲೆ ಗೂಬೆ ಕೂರಿಸಿದ್ದೆ. ನಿಜವಾದ ಕಳ್ಳ, ಲೂಪಿನೊಳಗೆ ಪಠ್ಯದಿಂದ ಸಂಖ್ಯೆ ಓದುವ ಸಿ ಭಾಷೆಯ ಫಂಕ್ಷನ್ ಎಸ್‌ಸ್ಕ್ಯಾನ್‌ಎಫ್. ಒಂದೇ ಒಂದು ಸಂಖ್ಯೆ ಓದಲು ಕರೆದರೂ, ಹಲವು ಸಿ ಲೈಬ್ರರಿಗಳಲ್ಲಿ ಅದು ಮೊದಲು ಸ್ಟ್ರಿಂಗ್‌ನ ಕೊನೆಯವರೆಗೂ ಹೋಗಿ ಉದ್ದ ಅಳೆಯುತ್ತದೆ. ಇಡೀ ಫೈಲ್ ಮೆಮೊರಿಯ ಒಂದೇ ಬಫರ್‌ನಲ್ಲಿದ್ದರೆ ಪ್ರತಿ ಸಂಖ್ಯೆಗೂ ಉಳಿದ ಭಾಗವೆಲ್ಲ ಅಳತೆ! ಫೈಲ್ ಎರಡು ಪಟ್ಟಾದರೆ ಸಮಯ ಸುಮಾರು ನಾಲ್ಕು ಪಟ್ಟು. ಆ ಜಾಗದಲ್ಲಿ, ಹಾಗೆ ಉದ್ದ ಅಳೆಯದೆ ಸಂಖ್ಯೆ ಮಾತ್ರ ಓದುವ ಸ್ಟ್ರ್‌ಟಾಡ್ ಹಾಕಿದೆ. ಬದಲಾದದ್ದು ಬೆರಳೆಣಿಕೆಯ ಸಾಲುಗಳು, ಹುಡುಕಲು ಹೋದದ್ದು ಎರಡು ದಿನ.

ಲೇಖಕರ ಮೂಲ ಕೋಡ್ ಫೈಲುಗಳನ್ನು ನೇರವಾಗಿ ಮುಟ್ಟಿಲ್ಲ. ಪ್ಯಾಚ್ (ಬದಲಾವಣೆಗಳ ಪಟ್ಟಿ) ಪ್ರತ್ಯೇಕ ಫೈಲಾಗಿದೆ, ಬಿಲ್ಡ್ ಹೊತ್ತಿಗೆ, ಅಂದರೆ ಕೋಡಿನಿಂದ ಪ್ರೋಗ್ರಾಂ ತಯಾರಾಗುವಾಗ, ಅನ್ವಯವಾಗುತ್ತದೆ. ಹೊಸ ಆವೃತ್ತಿಗೆ ಹೊಂದದಿದ್ದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಲೈಸೆನ್ಸ್ ಎಲ್‌ಜಿಪಿಎಲ್ (ತಿದ್ದಿ ಹಂಚಿದರೆ ಸೋರ್ಸ್ ಕೊಡಬೇಕೆನ್ನುವ ಮುಕ್ತ ಪರವಾನಗಿ) ಆದ್ದರಿಂದ ತಿದ್ದಿದ ಸೋರ್ಸ್ ಕೂಡ ಕೊಡುತ್ತಿದ್ದೇವೆ.

ಒಂದು ಕಡೆ ಎಡವಿದೆ. ಲಿನಕ್ಸ್‌ನಲ್ಲಿ ವೇಗ ಚೂರೂ ಹೆಚ್ಚಲಿಲ್ಲ. ನೋಡಿದರೆ, ಸಿಸ್ಟಮ್‌ನಲ್ಲೇ ಇದ್ದ ಹಳೆಯ ಪ್ರತಿ ಲೋಡ್ ಆಗುತ್ತಿತ್ತು! ನಮ್ಮ ಪ್ರತಿಗೆ ಬೇರೆ ಹೆಸರಿಟ್ಟು, ಲೈಬ್ರರಿಯನ್ನು ಎಲ್ಲಿ ಹುಡುಕಬೇಕೆಂದು ಪ್ರೋಗ್ರಾಂಗೆ ಹೇಳುವ ಆರ್‌ಪಾತ್ ಸರಿಪಡಿಸಿದ ಮೇಲೆ ದಾರಿಗೆ ಬಂತು. ವಿಂಡೋಸ್‌ನಲ್ಲಿ ಡಿಎಲ್‌ಎಲ್‌ಗೆ (ಅಲ್ಲಿನ ಲೈಬ್ರರಿ ಫೈಲ್) ಡಿಜಿಟಲ್ ಸಹಿ ಹಾಕುವುದು ಪ್ಯಾಚ್ ಆದ ನಂತರವೇ, ಉಲ್ಟಾ ಮಾಡಿದರೆ ಸಹಿ ಅಮಾನ್ಯ.

ಪ್ಯಾಚನ್ನು ಮೂಲ ಲೇಖಕರಿಗೂ ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.