ಮಡಿಕೇರಿಯಲ್ಲಿ ಮೊದಲ ಮನೆ: ಮಳೆಗಾಲಕ್ಕೆ ಮುನ್ನ ಉಳಿದ ಹಣವನ್ನು ಯಾವುದಕ್ಕೆ ಬಳಸಬೇಕು?

ಪ್ರಶ್ನೆ: ಶಿಕ್ಷಕಿ, ಮಡಿಕೇರಿ

ಒಂಬತ್ತು ವರ್ಷ ಬಾಡಿಗೆ ಮನೆಗಳಲ್ಲಿದ್ದ ನಾನು ಮತ್ತು ನನ್ನ ಪತಿ ಬ್ಯಾಂಕ್ ಸಾಲ ಮಾಡಿ ನಗರದ ಅಂಚಿನಲ್ಲಿ ಒಂದು ಹಳೆಯ ತಾರಸಿ ಮನೆಯನ್ನು ಕೊಂಡು, ಫೆಬ್ರವರಿಯಲ್ಲಿ ಹಾಲು ಉಕ್ಕಿಸಿ ಒಕ್ಕಲು ಬಂದಿದ್ದೇವೆ. ಬಾಡಿಗೆ ಮನೆ ಸೋರಿದರೆ ಮಾಲೀಕರಿಗೆ ಹೇಳಿ ಸುಮ್ಮನಾಗುತ್ತಿದ್ದ ನಮಗೆ ಈಗ ಪ್ರತಿಯೊಂದನ್ನೂ ನಾವೇ ನಿರ್ಧರಿಸಬೇಕಾಗಿದೆ. ನೋಂದಣಿಯ ಖರ್ಚು ಕಳೆದು ಕೈಯಲ್ಲಿ 4 ಲಕ್ಷ ರೂಪಾಯಿ ಉಳಿದಿದೆ. ಅಡುಗೆಮನೆಗೆ ಮಾಡ್ಯುಲರ್ ಕಪಾಟು, ಹಾಲ್‌ಗೆ ಫಾಲ್ಸ್ ಸೀಲಿಂಗ್, ಒಳಗೂ ಹೊರಗೂ ಪೇಂಟ್ ಮಾಡಿಸುವುದು, ಹಿಂಬದಿಯ ಬರೆಯನ್ನು (ಕಡಿದಾದ ಮಣ್ಣಿನ ಇಳಿಜಾರನ್ನು) ಜೆಸಿಬಿಯಿಂದ ಆರೇಳು ಅಡಿ ಕಡಿಸಿ ಕಾರು ನಿಲ್ಲಿಸಲು ಜಾಗ ಮಾಡಿಕೊಳ್ಳುವುದು ನಮ್ಮ ಯೋಚನೆ. ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಮುಗಿಸಬೇಕೆಂದಿದ್ದೇವೆ. ಇವುಗಳಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಮಾಡಲೇಬಾರದು ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಎಂಜಿನಿಯರ್, ಮಡಿಕೇರಿ

ಮೇಡಂ, ಬರೆಯನ್ನು ಕಡಿಸುವ ಯೋಚನೆಯನ್ನು ಇಂದೇ ಕೈಬಿಡಿ. ಉಳಿದ ಮೂರರಲ್ಲಿ ತಪ್ಪಾದರೆ ಹಣ ಹೋಗುತ್ತದೆ. ಇದರಲ್ಲಿ ತಪ್ಪಾದರೆ ಮನೆಯೇ ಹೋಗಬಹುದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದುದಕ್ಕೆ ವಿಪರೀತ ಮಳೆಯ ಜತೆಗೆ, ಮನೆಗೆ ಮತ್ತು ರಸ್ತೆಗೆಂದು ಇಳಿಜಾರನ್ನು ಕಡಿದುದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದ್ದರು. ಇಳಿಜಾರಿನ ಬುಡದ ಮಣ್ಣು ಮೇಲಿನ ಮಣ್ಣಿಗೆ ಆಸರೆಯಾಗಿರುತ್ತದೆ. ಆ ಬುಡವನ್ನು ತೆಗೆದರೆ ಬೇಸಿಗೆಯಲ್ಲಿ ಏನೂ ಆಗದಂತೆ ಕಂಡು, ವಾರಗಟ್ಟಲೆ ಮಳೆ ಹಿಡಿದು ಮಣ್ಣು ನೀರು ಕುಡಿದು ಭಾರವಾದ ಮೇಲೆ ಒಂದು ರಾತ್ರಿ ಎಲ್ಲವೂ ಒಮ್ಮೆಲೇ ಕೆಳಗಿಳಿಯುತ್ತದೆ. ಕಾರು ರಸ್ತೆ ಬದಿಯ ಅಂಗಳದಲ್ಲಿ ನಿಂತರೆ ನಷ್ಟವೇನಿಲ್ಲ.

ಈಗ ಬರೆಗೆ ಕಲ್ಲಿನ ತಡೆಗೋಡೆ ಇದೆಯೇ ನೋಡಿ. ಇದ್ದರೆ ಅದರಲ್ಲಿ ನೀರು ಹೊರಬರುವ ಪೈಪುಗಳಿರಬೇಕು ಮತ್ತು ಅವು ತೆರೆದಿರಬೇಕು. ಬೇರು, ಮಣ್ಣು ಸೇರಿ ಪೈಪು ಕಟ್ಟಿಕೊಂಡರೆ ಗೋಡೆಯ ಹಿಂದೆ ನೀರು ನಿಂತು ಒತ್ತುತ್ತದೆ, ಎಷ್ಟು ದಪ್ಪದ ಗೋಡೆಯೂ ಮುಂದಕ್ಕೆ ವಾಲುತ್ತದೆ. ನೋಡಲು ಚೆನ್ನಾಗಿರಲಿ ಎಂದು ಆ ಪೈಪುಗಳ ಮೇಲೆ ಸಿಮೆಂಟು ಬಳಿದು ಮುಚ್ಚಿಸಿದವರನ್ನು ನಾನು ಕಂಡಿದ್ದೇನೆ. ಹೇಳಿದರೂ ಕೇಳಲಿಲ್ಲ ಎಂಬ ನೋವು ಇಂದಿಗೂ ಇದೆ. ಬರೆಯ ನೆತ್ತಿಯಲ್ಲಿ ಒಂದು ಚರಂಡಿ ತೆಗೆಸಿ, ಮೇಲಿನಿಂದ ಬರುವ ನೀರನ್ನು ಮನೆಯ ಪಕ್ಕದಿಂದ ಹರಿಸಿ ರಸ್ತೆಯ ಚರಂಡಿಗೆ ಸೇರಿಸಿ. ನೀರಿಂಗಿಸುವುದು ಒಳ್ಳೆಯದೆಂದು ಮನೆಯ ಹಿಂದಿನ ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ತೋಡಿಸಬೇಡಿ. ಬಯಲುಸೀಮೆಯ ಹೊಲಕ್ಕೆ ಹಿತವಾದದ್ದು ಇಲ್ಲಿ ಅಪಾಯವಾಗುತ್ತದೆ. ಮಳೆಗಾಲದಲ್ಲಿ ಬರೆಯ ಮೇಲೆ ಹೊಸ ಬಿರುಕು ಕಾಣಿಸಿದರೆ, ನೆಟ್ಟಗಿದ್ದ ಮರ ವಾಲಿದರೆ, ತಿಳಿಯಾಗಿ ಜಿನುಗುತ್ತಿದ್ದ ನೀರು ಕೆಂಪಾಗಿ ಬರತೊಡಗಿದರೆ, ಬೆಳಗಾಗಲಿ ಎಂದು ಕಾಯದೆ ಮನೆ ಬಿಟ್ಟು ಹೊರಡಬೇಕು.

ಫಾಲ್ಸ್ ಸೀಲಿಂಗ್ ಈ ವರ್ಷ ಬೇಡ. ತಾರಸಿ ಎಲ್ಲಿ ಸೋರುತ್ತದೆ ಎಂಬುದು ಜುಲೈ ಕಳೆದ ಮೇಲಷ್ಟೇ ನಿಮಗೆ ತಿಳಿಯುವುದು, ಅದಕ್ಕೆ ಮೊದಲೇ ಅದನ್ನು ಮುಚ್ಚಿಬಿಟ್ಟರೆ ಒಳಗೆ ಕಬ್ಬಿಣ ತುಕ್ಕು ಹಿಡಿದು ಸಿಮೆಂಟು ಉದುರುವವರೆಗೂ ಗೊತ್ತಾಗುವುದಿಲ್ಲ. ನಮ್ಮ ಊರಿನಲ್ಲಿ ತಾರಸಿಯ ಮೇಲೆ ಶೀಟು ಹಾಕಿಸುವ ರೂಢಿ ಸುಮ್ಮನೆ ಬಂದದ್ದಲ್ಲ. ನನ್ನನ್ನು ಕೇಳಿದರೆ ನಿಮ್ಮ ಹಣದ ದೊಡ್ಡ ಪಾಲು ಹೋಗಬೇಕಾದದ್ದು ಚರಂಡಿಗೆ ಮತ್ತು ಆ ಶೀಟಿಗೆ. ಶೀಟನ್ನು ಗೋಡೆಯಿಂದ ಎರಡು ಅಡಿಯಾದರೂ ಹೊರಚಾಚಿಸಿ, ಗಾಳಿಗೆ ಏಳದಂತೆ ಬಿಗಿಯಾಗಿ ಕಟ್ಟಿಸಿ.

ಉತ್ತರ: ಗೃಹಿಣಿ, ವಿರಾಜಪೇಟೆ

ಎಂಜಿನಿಯರ್ ಅವರ ಮಾತಿಗೆ ನನ್ನದೊಂದು ಅನುಭವ ಸೇರಿಸುತ್ತೇನೆ. ನಾವು ಹೊಸ ಮನೆಗೆ ಬಂದ ವರ್ಷವೇ ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಅಂಟಿಸಿ ಅಡುಗೆಮನೆಯ ಕಪಾಟುಗಳನ್ನು ಮಾಡಿಸಿದೆವು. ಜೋರು ಮಳೆಯ ಕಕ್ಕಡ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಹಿಂಬದಿಯ ಹಲಗೆ ಉಬ್ಬಿ, ಬೂಸ್ಟು ಹಿಡಿದು, ಅಕ್ಕಿಯ ಡಬ್ಬವೂ ವಾಸನೆ ಬರತೊಡಗಿತು. ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆ ನಮ್ಮ ತೇವಕ್ಕೆ ತಾಳುವುದಿಲ್ಲ. ಈ ವರ್ಷ ಕಲ್ಲಿನ ಕಟ್ಟೆ, ತೆರೆದ ಶೆಲ್ಫುಗಳಲ್ಲೇ ಅಡುಗೆ ಮಾಡಿ. ಯಾವ ಗೋಡೆ ಒಣಗಿರುತ್ತದೆ, ಯಾವುದು ಬೆವರುತ್ತದೆ ಎಂದು ಕಣ್ಣಾರೆ ನೋಡಿ. ಆಮೇಲೆ ಮಾಡಿಸುವಾಗ ನೀರು ತಾಳುವ ಪ್ಲೈವುಡ್ ಕೇಳಿ, ಗೋಡೆಗೂ ಕಪಾಟಿಗೂ ನಡುವೆ ಗಾಳಿಯಾಡಲು ಸ್ವಲ್ಪ ಜಾಗ ಬಿಡಿಸಿ. ಬಟ್ಟೆಯ ಬೀರುವಿಗೂ ಇದೇ ಮಾತು.

ಹೊರಗಿನ ಪೇಂಟ್‌ಗೆ ಮೊದಲು ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಗೋಡೆಗೆ ಅಂಟಿಸಿ ಒಂದು ದಿನ ಬಿಡಿ. ಒಳಗೆ ನೀರ ಹನಿ ಕಂಡರೆ ಗೋಡೆ ಇನ್ನೂ ಒಣಗಿಲ್ಲ. ಅದರ ಮೇಲೆ ಬಳಿದ ಪೇಂಟ್ ಸಿಪ್ಪೆಯಂತೆ ಏಳುತ್ತದೆ. ಬಚ್ಚಲಿನ ಹಂಡೆ ಒಲೆ ಇದ್ದರೆ ದಯವಿಟ್ಟು ಒಡೆಸಬೇಡಿ, ವಾರಗಟ್ಟಲೆ ಬಿಸಿಲಿಲ್ಲದ ಕಾಲಕ್ಕೆ ಅದೇ ಬೇಕು.

ಉತ್ತರ: ಬ್ಯಾಂಕ್ ಉದ್ಯೋಗಿ, ಕುಶಾಲನಗರ

ಕಟ್ಟಡದ ಬಗ್ಗೆ ಹಿರಿಯರು ಹೇಳಿದ್ದಾರೆ. ನಾನು ಕಾಗದಪತ್ರಗಳ ಬಗ್ಗೆ ಬರೆಯುತ್ತೇನೆ. ಸಾಲ ಪಡೆಯುವಾಗ ವಿಮೆ ಮಾಡಿಸಿದ್ದೇವೆ ಎಂದು ಅನೇಕರು ನಿಶ್ಚಿಂತೆಯಿಂದಿರುತ್ತಾರೆ, ಆದರೆ ಅದು ಹಲವು ಸಲ ಸಾಲಗಾರರ ಜೀವವಿಮೆಯಾಗಿರುತ್ತದೆಯೇ ಹೊರತು ಕಟ್ಟಡದ ವಿಮೆಯಲ್ಲ. ಪಾಲಿಸಿ ತೆಗೆದು ಓದಿ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳು ನೀಡುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬೆಂಕಿ, ಭೂಕಂಪ, ಪ್ರವಾಹಗಳ ಜತೆಗೆ ಭೂಕುಸಿತವೂ ಸೇರಿದೆ. ವಿಮೆಯ ಮೊತ್ತವನ್ನು ನೀವು ಕೊಟ್ಟ ಒಟ್ಟು ಬೆಲೆಗಲ್ಲ, ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ವೆಚ್ಚಕ್ಕೆ ನಿಗದಿ ಮಾಡಿಸಿ. 2018 ಮತ್ತು 2019ರಲ್ಲಿ ನಮ್ಮ ಊರಿನ ನದಿದಂಡೆಯ ಬಡಾವಣೆಗಳಿಗೆ ಕಾವೇರಿ ನುಗ್ಗಿದಾಗ ವಿಮೆಯಿಲ್ಲದವರ ಸಂಕಟವನ್ನು ಹತ್ತಿರದಿಂದ ನೋಡಿದ್ದೇನೆ.

ನೋಂದಣಿಯಾದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ. ನಗರಸಭೆಯಲ್ಲಿ ಖಾತೆ ನಿಮ್ಮ ಹೆಸರಿಗಾಗಿದೆಯೇ, ವಿದ್ಯುತ್ ಮೀಟರ್ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಇದೆಯೇ ಎಂದು ನೋಡಿಕೊಳ್ಳಿ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ ಸಿಗುತ್ತದೆ. ಇನ್ನು 4 ಲಕ್ಷವನ್ನೂ ಖಾಲಿ ಮಾಡದೆ ಆರು ತಿಂಗಳ ಕಂತಿನಷ್ಟನ್ನು ಮುಟ್ಟದೆ ಇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಮನಸಾರೆ ವಂದನೆಗಳು. ಜೆಸಿಬಿಯವರಿಗೆ ಕೊಟ್ಟಿದ್ದ ಮುಂಗಡವನ್ನು ಬಿಟ್ಟು ಕೆಲಸ ಬೇಡವೆಂದು ಹೇಳಿದೆವು. ತಡೆಗೋಡೆಯಲ್ಲಿ ಒಂಬತ್ತು ಪೈಪುಗಳಿದ್ದು ಅವುಗಳಲ್ಲಿ ಐದು ಪೂರ್ತಿ ಕಟ್ಟಿಕೊಂಡಿವೆ. ಆದರೆ ಬರೆಯ ನೆತ್ತಿ ನಮ್ಮ ಜಾಗವಲ್ಲ, ಪಕ್ಕದವರ ಕಾಫಿ ತೋಟ. ಅಲ್ಲಿ ಚರಂಡಿ ತೆಗೆಸುವುದು ಹೇಗೆ?

ಉತ್ತರ: ನಿವೃತ್ತ ಎಂಜಿನಿಯರ್, ಮಡಿಕೇರಿ

ತೋಟದವರನ್ನು ಮನೆಗೆ ಕರೆದು, ಬರೆಯನ್ನು ಕೆಳಗಿನಿಂದ ತೋರಿಸಿ ಮಾತನಾಡಿ. ಕುಸಿದರೆ ಅವರ ಕಾಫಿ ಗಿಡಗಳೂ ಹೋಗುತ್ತವೆ, ಆದ್ದರಿಂದ ಒಪ್ಪುವರೆಂಬ ನಂಬಿಕೆ ನನಗಿದೆ. ಖರ್ಚು ನಿಮ್ಮದೇ ಇರಲಿ. ಒಪ್ಪಿದ್ದನ್ನು ಒಂದು ಪತ್ರದಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಮೇ ಎರಡನೆಯ ವಾರದೊಳಗೆ ಕೆಲಸ ಮುಗಿಸಿ. ಕಟ್ಟಿಕೊಂಡ ಐದು ಪೈಪುಗಳನ್ನು ಮಾತ್ರ ಅಲ್ಲಿಯವರೆಗೆ ಕಾಯಿಸದೆ ಈ ವಾರವೇ ಬಿಡಿಸಿ.